ಆಂಪ್ಲಿಫೈಯರ್ ಆಮೇಲೆ, ಮೊದಲು ತಂತಿ ತಿರುಗಿಸಿ

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಹ್ಯಾಮ್ ರೇಡಿಯೊ ಲೈಸೆನ್ಸ್ ಆಗಿ, ವಿಯು3ರಿಂದ ಶುರುವಾಗುವ ಕಾಲ್‌ಸೈನ್ (ರೇಡಿಯೊದಲ್ಲಿ ನನ್ನ ಗುರುತಿನ ಹೆಸರು) ಸಿಕ್ಕಿ ಒಂದೂವರೆ ವರ್ಷವಾಯಿತು. ಕಳೆದ ಅಕ್ಟೋಬರ್‌ನಲ್ಲಿ ಸಿಕ್ಯೂ ವರ್ಲ್ಡ್ ವೈಡ್ ಎಸ್‌ಎಸ್‌ಬಿ ಕಾಂಟೆಸ್ಟ್‌ಗೆ (ಎರಡು ದಿನದಲ್ಲಿ ಜಗತ್ತಿನ ಆದಷ್ಟು ಹೆಚ್ಚು ಸ್ಟೇಷನ್‌ಗಳ ಜೊತೆ ಧ್ವನಿಯಲ್ಲಿ ಸಂಪರ್ಕ ಮಾಡುವ ಪಂದ್ಯ) ಮೊದಲ ಸಲ ಕೂತೆ. 50 ವ್ಯಾಟ್, ಮಹಡಿ ಮೇಲಿನ ಕಂಬದಿಂದ ಹಿತ್ತಲ ತೆಂಗಿನ ಮರಕ್ಕೆ ಎಳೆದ, 40 ಮೀಟರ್ ಬ್ಯಾಂಡ್‌ನ ಡೈಪೋಲ್ (ತಂತಿಯ ಆಂಟೆನಾ), ಒಂದು ಟ್ಯೂನರ್. ಎರಡು ದಿನದಲ್ಲಿ ಹೆಚ್ಚುಕಡಿಮೆ 20 ಗಂಟೆ ಕೂತರೂ ಆದದ್ದು 43 ಸಂಪರ್ಕ. ಗಂಟೆಗಟ್ಟಲೆ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆದೆ, ಗೋಡೆಗೆ ಮಾತಾಡಿದ ಹಾಗಾಯಿತು. ದೊಡ್ಡ ಸ್ಟೇಷನ್‌ಗಳನ್ನು ಕರೆದರೆ ಯಾರೂ ತಿರುಗಿ ನೋಡಲಿಲ್ಲ. ಆಂಪ್ಲಿಫೈಯರ್‌ಗೆಂದು ಸ್ವಲ್ಪ ದುಡ್ಡು ಕೂಡಿಸಿದ್ದೇನೆ. ತಗೊಳ್ಳಲೇ? ಲಾಗ್ ಜೊತೆಗಿಟ್ಟಿದ್ದೇನೆ, ನೋಡಿ ಹೇಳಿ.

ಉತ್ತರ: ನಿಮ್ಮ ಲಾಗ್ ಎರಡು ಸಲ ಓದಿದೆ. ಮೊದಲ ಕಾಂಟೆಸ್ಟ್‌ಗೆ 43 ಕಡಿಮೆಯೇನಲ್ಲ. ಆದರೆ ನೀವು ಕೂತ 20 ಗಂಟೆಗೆ ಇದರ ಮೂರು ನಾಲ್ಕು ಪಟ್ಟು ಸಿಗಬೇಕಿತ್ತು, ಅದೂ ಇದೇ ರಿಗ್‌ನಲ್ಲಿ (ರೇಡಿಯೊ ಸೆಟ್‌ನಲ್ಲಿ), ಇದೇ 50 ವ್ಯಾಟ್‌ನಲ್ಲಿ. ಎಲ್ಲಿ ಸೋರಿತು ಅನ್ನುವುದು ಲಾಗ್‌ನಲ್ಲೇ ಕಾಣುತ್ತಿದೆ. 43ರಲ್ಲಿ 31 ಸಂಪರ್ಕ 20 ಮೀಟರ್ ಬ್ಯಾಂಡ್‌ನಲ್ಲಿ, 12 ಮಾತ್ರ 15 ಮೀಟರ್‌ನಲ್ಲಿ, 10 ಮೀಟರ್ ಪೂರ್ತಿ ಖಾಲಿ. ಶನಿವಾರ ಬೆಳಿಗ್ಗೆ 11ರಿಂದ ಸಂಜೆ 6ರವರೆಗೆ ಒಂದು ಸಾಲೂ ಇಲ್ಲ. ಆ ಹೊತ್ತಿನಲ್ಲಿ ಅಂಗಡಿಗೆ ಹೋಗಿದ್ದೆ ಎಂದು ಪಕ್ಕದಲ್ಲೇ ಬರೆದಿದ್ದೀರಿ. ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಬೇಸತ್ತು ರಿಗ್ ಆರಿಸಿದ್ದೀರಿ. ಎರಡೂ ದಿನ ನೀವು ಇಲ್ಲದ ಹೊತ್ತಿನಲ್ಲೇ ಯುರೋಪಿನ ಬಾಗಿಲು ತೆರೆದಿತ್ತು. ಶನಿವಾರ ರಾತ್ರಿ, ಆ ಬಾಗಿಲು ಮುಚ್ಚಿದ ಮೇಲೆ, ನೀವು ಕೂತು ಬಡಿದಿದ್ದೀರಿ.

ಆಂಪ್ಲಿಫೈಯರ್ ಮಾತು ಮೊದಲು ಮುಗಿಸಿಬಿಡುತ್ತೇನೆ. ನಿಮ್ಮದು ರಿಸ್ಟ್ರಿಕ್ಟೆಡ್ ಗ್ರೇಡ್. ಎಚ್‌ಎಫ್‌ನಲ್ಲಿ (ಈ ಶಾರ್ಟ್‌ವೇವ್ ಬ್ಯಾಂಡ್‌ಗಳಲ್ಲಿ) ನಿಮಗೆ ಇರುವ ಮಿತಿಯೇ 50 ವ್ಯಾಟ್. 400 ವ್ಯಾಟ್ ಬೇಕೆಂದರೆ ಜನರಲ್ ಗ್ರೇಡ್ ಪಾಸಾಗಬೇಕು. ಹಾಗಾಗಿ ಈಗ ಆಂಪ್ಲಿಫೈಯರ್ ಕೊಂಡರೆ ಅದನ್ನು ಕಪಾಟಿನಲ್ಲಿಡಬೇಕು, ಇಲ್ಲವೇ ಲೈಸೆನ್ಸ್ ಮುರಿಯಬೇಕು. ನಾಳೆ ಜನರಲ್ ಆದಿರಿ ಅಂತಲೇ ಇಟ್ಟುಕೊಳ್ಳೋಣ. 50ರಿಂದ 400ಕ್ಕೆ ಏರಿದರೆ ಸಿಗುವುದು 9 ಡೆಸಿಬೆಲ್, ಸಿಗ್ನಲ್‌ನ ಬಲ ತೋರಿಸುವ ಆ ಕಡೆಯವರ ಎಸ್-ಮೀಟರ್‌ನಲ್ಲಿ ಒಂದೂವರೆ ಅಂಕೆ. ಅದು ಸಣ್ಣದಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ತಂತಿ ಈಗ ಅದಕ್ಕಿಂತ ಹೆಚ್ಚನ್ನು ತಿಂದುಹಾಕುತ್ತಿರಬಹುದು. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಕೈಚಳಕ ಎಷ್ಟು ದೊಡ್ಡದು ಅನ್ನುವುದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. 1990ರಲ್ಲಿ ಸಿಯಾಟಲ್‌ನಲ್ಲಿ ಶುರುವಾದ ವರ್ಲ್ಡ್ ರೇಡಿಯೊಸ್ಪೋರ್ಟ್ ಟೀಮ್ ಚಾಂಪಿಯನ್‌ಷಿಪ್ ಎಂಬ ಪಂದ್ಯ ಕೆಲವು ವರ್ಷಕ್ಕೊಮ್ಮೆ ನಡೆಯುತ್ತದೆ. 2014ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ 59 ತಂಡ ಸೇರಿದ್ದವು. ಎಲ್ಲರಿಗೂ ಒಂದೇ ಬಗೆಯ ಆಂಟೆನಾ, ಒಂದೇ ಎತ್ತರ, ಸಮನಾದ ಬಯಲು ಜಾಗ, 100 ವ್ಯಾಟ್, 24 ಗಂಟೆ. ಹೀಗಿದ್ದೂ ಮೊದಲ ತಂಡಕ್ಕೂ ಕೊನೆಯ ತಂಡಕ್ಕೂ ಬಹಳ ಅಂತರ ಬಿತ್ತು. ಸಲಕರಣೆ ಒಂದೇ ಆದಾಗ ಉಳಿಯುವುದು ಕಿವಿ, ಗಡಿಯಾರ, ಯಾವ ಹೊತ್ತಿಗೆ ಯಾವ ಬ್ಯಾಂಡ್‌ಗೆ ಹಾರಬೇಕೆಂಬ ಅಂದಾಜು. ಈ ಮೂರನ್ನೂ ದಾವಣಗೆರೆಯಲ್ಲೇ ಕೂತು ಕಲಿಯಬಹುದು.

ನೀವು ಬರೆದ ಒಂದು ಸಾಲು ನನ್ನನ್ನು ಕಾಡಿತು: "ನನ್ನಂಥ ಚಿಕ್ಕ ಸ್ಟೇಷನ್ ಯಾರಿಗೆ ಬೇಕು ಸರ್." ಇದು ತಪ್ಪು ತಿಳಿವಳಿಕೆ. ಸಿಕ್ಯೂ ವರ್ಲ್ಡ್ ವೈಡ್‌ನಲ್ಲಿ ಇಡೀ ಜಗತ್ತು 40 ವಲಯ. ನಮ್ಮದು 22. ಭಾರತ, ಲಕ್ಷದ್ವೀಪ, ಶ್ರೀಲಂಕಾ, ಮಾಲ್ಡೀವ್ಸ್, ನೇಪಾಳ, ಭೂತಾನ್, ಬಾಂಗ್ಲಾದೇಶ ಇಷ್ಟೇ ಈ ವಲಯದಲ್ಲಿರುವುದು. ಅಂಡಮಾನ್ ಕೂಡ ಇದರಲ್ಲಿಲ್ಲ, ಅದು 26. ಜರ್ಮನಿಯವನಿಗೋ ಇಟಲಿಯವನಿಗೋ ವಲಯ 14, 15, 16ರವರು ಸಾವಿರಗಟ್ಟಲೆ ಸಿಗುತ್ತಾರೆ. 22ರಿಂದ ಮಾತಾಡುವವರು ಬೆರಳೆಣಿಕೆ. ಒಂದು ವಿಯು (ಭಾರತದ) ಸ್ಟೇಷನ್ ಸಿಕ್ಕರೆ ಅವನಿಗೆ ಒಂದೇ ಏಟಿಗೆ ಹೊಸ ದೇಶ, ಹೊಸ ವಲಯ, ಎರಡು ಮಲ್ಟಿಪ್ಲೈಯರ್, ಅಂದರೆ ಅಂಕವನ್ನು ಗುಣಿಸುವ ಸಂಖ್ಯೆ ಎರಡು ಏರುತ್ತದೆ. ಅದೂ ಪ್ರತಿ ಬ್ಯಾಂಡ್‌ನಲ್ಲಿ ಬೇರೆ ಬೇರೆಯಾಗಿ. ಆ 48 ಗಂಟೆ ನಿಮ್ಮನ್ನು ಹುಡುಕುವ ಕಿವಿಗಳು ಯುರೋಪಿನ ತುಂಬ ಇರುತ್ತವೆ. ಅವರು ಎಲ್ಲಿ, ಯಾವಾಗ ಹುಡುಕುತ್ತಾರೋ ಅಲ್ಲಿ ನೀವು ಇರಬೇಕು. ನನ್ನ ಉತ್ತರವೆಲ್ಲ ಇದರ ಸುತ್ತಲೇ.

ಮೊದಲು ತಂತಿ. ನೀವು ಕಳಿಸಿದ ನಕ್ಷೆಯ ಪ್ರಕಾರ ಮಹಡಿಯ ಕಂಬ ಆಗ್ನೇಯಕ್ಕಿದೆ, ತೆಂಗಿನ ಮರ ವಾಯವ್ಯಕ್ಕಿದೆ. ಈಗ ಗ್ಲೋಬ್ ಮೇಲೆ ದಾರ ಹಿಡಿದು ನೋಡಿ, ಚಪ್ಪಟೆ ಭೂಪಟ ಬೇಡ. ನಮ್ಮಿಂದ ಜರ್ಮನಿಗೆ ದಾರ ಹೋಗುವುದು ಉತ್ತರದಿಂದ 320 ಡಿಗ್ರಿಯ ಆಸುಪಾಸಿನಲ್ಲಿ, ಅಂದರೆ ನೇರ ವಾಯವ್ಯಕ್ಕೆ. ನಿಮ್ಮ ತಂತಿಯ ತುದಿ ಯುರೋಪಿಗೆ ಬೆರಳು ತೋರಿಸುತ್ತಾ ನಿಂತಿದೆ. ಡೈಪೋಲ್ ತನ್ನ ತುದಿಯ ದಿಕ್ಕಿಗೆ ಅತಿ ಕಡಿಮೆ ಕೊಡುತ್ತದೆ, ಮಗ್ಗುಲಿಗೆ ಹೆಚ್ಚು ಕೊಡುತ್ತದೆ. ತುದಿಗೂ ಮಗ್ಗುಲಿಗೂ ನಡುವಿನ ವ್ಯತ್ಯಾಸ 10 ಡೆಸಿಬೆಲ್ ದಾಟುವುದು ಸಾಮಾನ್ಯ. ಅಂದರೆ ಆಂಪ್ಲಿಫೈಯರ್ ಕೊಡುವುದಕ್ಕಿಂತ ಹೆಚ್ಚು, ಮತ್ತು ಕೇಳುವಾಗಲೂ ಅಷ್ಟೇ ಲಾಭ. ಆಂಪ್ಲಿಫೈಯರ್‌ನಿಂದ ಕೇಳುವುದಕ್ಕೆ ಏನೂ ಸಿಗುವುದಿಲ್ಲ.

40 ಮೀಟರ್ ತಂತಿಯನ್ನು ಹಾಗೇ ಬಿಡಿ, ಅದನ್ನು ಕೀಳಬೇಡಿ. 15 ಮೀಟರ್‌ಗೆ ಇನ್ನೊಂದು ಡೈಪೋಲ್ ಕಟ್ಟಿ. ಉದ್ದದ ಲೆಕ್ಕ ಸುಲಭ: 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರ್ ಬರುತ್ತದೆ. 21.3ಕ್ಕೆ ಒಟ್ಟು 6.7 ಮೀಟರ್, ಒಂದೊಂದು ತೋಳು 3.35. ಮನೆಯಲ್ಲಿ ಬಿದ್ದಿರುವ ವೈರಿಂಗ್ ತಂತಿ ಸಾಕು. ಸ್ವಲ್ಪ ಉದ್ದವಾಗಿಯೇ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾ ಎಷ್ಟು ಪವರ್ ಹಿಂದಕ್ಕೆ ಕಳಿಸುತ್ತಿದೆ ಎಂಬ ಅಳತೆ) ನೋಡುತ್ತಾ ತುದಿ ಮಡಚುತ್ತಾ ಬನ್ನಿ. ಮಹಡಿ ಮೇಲೆ ಎರಡು ಬಿದಿರು ನಿಲ್ಲಿಸಿ ಈಶಾನ್ಯದಿಂದ ನೈರುತ್ಯಕ್ಕೆ ಎಳೆಯಿರಿ. ಆಗ ಒಂದು ಮಗ್ಗುಲು ವಾಯವ್ಯಕ್ಕೆ, ಇನ್ನೊಂದು ಆಗ್ನೇಯಕ್ಕೆ. ಆಗ್ನೇಯಕ್ಕೆ ಏನಿದೆ? ಇಂಡೋನೇಷ್ಯಾ, ಅದರಾಚೆ ಆಸ್ಟ್ರೇಲಿಯಾ. ಒಂದು ತಂತಿಗೆ ಎರಡು ಫಸಲು. ಎತ್ತರವೂ ಇಲ್ಲಿ ನಿಮ್ಮ ಪರವಾಗಿದೆ. 21 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಎತ್ತರವೆಂದರೆ 7 ಮೀಟರ್, ನಿಮ್ಮ ಎರಡಂತಸ್ತಿನ ಮನೆಯ ಮಹಡಿ ಮೇಲೆ 2 ಮೀಟರ್ ಬಿದಿರು ನಿಲ್ಲಿಸಿದರೆ ಅದು ದಾಟುತ್ತದೆ. ಅದೇ ಎತ್ತರದಲ್ಲಿ 40 ಮೀಟರ್ ಡೈಪೋಲ್ ಆಕಾಶಕ್ಕೆ ನೆಟ್ಟಗೆ ಸುರಿಯುತ್ತದೆ. ಹುಬ್ಬಳ್ಳಿ, ಮೈಸೂರು, ಚೆನ್ನೈಗೆ ಅದು ಚೆನ್ನ, ಯುರೋಪಿಗೆ ಅಲ್ಲ.

ಕೇಬಲ್ ಬಗ್ಗೆ ಒಂದು ಮಾತು. ನಿಮ್ಮದು 30 ಮೀಟರ್ ಆರ್‌ಜಿ-58. 28 ಮೆಗಾಹರ್ಟ್ಸ್‌ನಲ್ಲಿ, ಅಂದರೆ 10 ಮೀಟರ್ ಬ್ಯಾಂಡ್‌ನಲ್ಲಿ, ಅಷ್ಟು ಉದ್ದಕ್ಕೆ 2 ಡೆಸಿಬೆಲ್‌ಗೂ ಹೆಚ್ಚು ಕರಗುತ್ತದೆ. ರಿಗ್‌ನಿಂದ ಹೊರಟ 50 ವ್ಯಾಟ್‌ನಲ್ಲಿ ತಂತಿಗೆ ತಲುಪುವುದು 30ರಷ್ಟು. ಹೊಸ ಡೈಪೋಲ್‌ಗೆ 12 ಮೀಟರ್ ಸಾಕಾಗುವುದಾದರೆ 12ಕ್ಕೇ ಕತ್ತರಿಸಿ. ಉಳಿದದ್ದನ್ನು ಸುತ್ತಿ ಮೂಲೆಯಲ್ಲಿಟ್ಟು ಬಳಸಬೇಡಿ. ಆಂಪ್ಲಿಫೈಯರ್ ದುಡ್ಡಿನಲ್ಲಿ ಕಡಿಮೆ ಕರಗಿಸುವ ಆರ್‌ಜಿ-213 ಕೇಬಲ್ ಕೊಂಡರೆ ಇನ್ನೂ ಒಳ್ಳೆಯದು.

ಇನ್ನು ಗಡಿಯಾರ. ಕಾಂಟೆಸ್ಟ್ ಶುರುವಾಗುವುದು ಯುಟಿಸಿ (ಜಾಗತಿಕ ಸಮಯ) ಶನಿವಾರ 0000, ನಮ್ಮ ಶನಿವಾರ ಬೆಳಗಿನ 5:30. ಮುಗಿಯುವುದು ಸೋಮವಾರ ಬೆಳಗಿನ 5:30. ನಿಮ್ಮ ಎರಡು ದಿನ ಹೀಗೆ ಹರಿಯಲಿ. ಬೆಳಕು ಹರಿಯುವ ಹೊತ್ತಿಗೆ 20 ಮೀಟರ್‌ನಲ್ಲಿ ಕೂತುಕೊಳ್ಳಿ. ಆಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಂಜೆ. ದಾರಿ ಉತ್ತರ ಧ್ರುವದ ಹತ್ತಿರದಿಂದ ಹಾಯುವುದರಿಂದ ಅವರ ಧ್ವನಿ ನಡುಗಿದ ಹಾಗೆ ಕೇಳುತ್ತದೆ, ಎಲ್ಲ ದಿನವೂ ಸಿಗುವುದಿಲ್ಲ, ಆದರೆ ಸಿಕ್ಕ ದಿನ ಅದು ಬಂಗಾರ. ಏಳು ಗಂಟೆ ದಾಟುತ್ತಿದ್ದಂತೆ 15ಕ್ಕೂ 10ಕ್ಕೂ ಹೋಗಿ. ಜಪಾನ್, ಆಸ್ಟ್ರೇಲಿಯಾ, ಇಂಡೋನೇಷ್ಯಾ ತುಂಬಿರುತ್ತವೆ. ಹನ್ನೊಂದರ ಸುಮಾರಿಗೆ ಊಟ ಮುಗಿಸಿಬಿಡಿ, ಏಕೆಂದರೆ ಹನ್ನೊಂದೂವರೆಗೆ ಯುರೋಪಿನಲ್ಲಿ ಬೆಳಗಾಗುತ್ತದೆ. ಅಲ್ಲಿಂದ ಸಂಜೆ ಏಳರವರೆಗೆ 15 ಮೀಟರ್ ಬಿಟ್ಟು ಏಳಬೇಡಿ, ಮಧ್ಯಾಹ್ನ ಎರಡರಿಂದ ಐದರ ನಡುವೆ 10 ಮೀಟರ್‌ಗೆ ಆಗಾಗ ಇಣುಕಿ. ಸಂಜೆ ಆರೂವರೆಯಿಂದ ಎಂಟೂವರೆವರೆಗೆ ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೆಳಗಿನ ಹೊತ್ತು. ಆಮೇಲೆ ಹತ್ತರವರೆಗೆ 20 ಮೀಟರ್. ಆನಂತರ ಮಲಗಿ. ಎತ್ತರದ ಆಂಟೆನಾ ಇದ್ದವರಿಗೆ ರಾತ್ರಿ 40 ಮೀಟರ್ ಗಣಿ, ನಿಮಗೆ ಈ ವರ್ಷ ಅದು ನಿದ್ದೆಗೆಡಿಸುವಷ್ಟು ಕೊಡುವುದಿಲ್ಲ.

2024ರ ಸುಮಾರಿಗೆ ಸೂರ್ಯನ ಕಲೆಗಳು ಏರಿಳಿಯುವ 25ನೇ ಚಕ್ರ ತುದಿ ಮುಟ್ಟಿತ್ತು. ಕಲೆ ಹೆಚ್ಚಿದ್ದಾಗ ಈ ಬ್ಯಾಂಡ್‌ಗಳು ಚೆನ್ನಾಗಿ ತೆರೆಯುತ್ತವೆ. ಇಳಿಮುಖದಲ್ಲಿ ಮೊದಲು ಸೊರಗುವುದು 10 ಮೀಟರ್, ಆಮೇಲೆ 15. ಹಾಗಾಗಿ ಮುಂದಿನ ಎರಡು ಮೂರು ವರ್ಷವನ್ನು ಈ ಎರಡು ಬ್ಯಾಂಡ್‌ಗೇ ಮೀಸಲಿಡಿ. ಚಿಕ್ಕ ಆಂಟೆನಾಕ್ಕೆ ಇಷ್ಟು ಉಪಕಾರಿಯಾದ ಬ್ಯಾಂಡ್‌ಗಳು ಬೇರಿಲ್ಲ.

ಅಂಕದ ಲೆಕ್ಕವನ್ನು ನೀವು ಒಮ್ಮೆ ಕಾಗದದ ಮೇಲೆ ಮಾಡಬೇಕಿತ್ತು. ಬೇರೆ ಖಂಡದವರು ಸಿಕ್ಕರೆ 3, ಅದೇ ಖಂಡದ ಬೇರೆ ದೇಶ 1, ಸ್ವಂತ ದೇಶ 0. ಒಟ್ಟು ಅಂಕವನ್ನು ವಲಯ ಮತ್ತು ದೇಶಗಳ ಮೊತ್ತದಿಂದ ಗುಣಿಸುವುದು. ನಿಮ್ಮ 43ರಲ್ಲಿ 3 ಅಂಕದವು 14, 1 ಅಂಕದವು 27, ಭಾರತದವು 2. ಒಟ್ಟು 69 ಅಂಕ. ವಲಯ 13, ದೇಶ 21, ಸೇರಿ 34. ಗುಣಿಸಿದರೆ 2,346. ಈಗ ಇದರ ಮೇಲೆ ಇನ್ನೊಬ್ಬ ಜಪಾನಿನವರು ಸಿಕ್ಕಿದ್ದರೆ ಏರುತ್ತಿದ್ದುದು 34. ಅವರ ಬದಲು ಅದೇ ಬ್ಯಾಂಡ್‌ನಲ್ಲಿ ಇನ್ನೊಬ್ಬ ಇಂಡೋನೇಷ್ಯಾದವರು ಸಿಕ್ಕಿದ್ದರೆ 102. ಹತ್ತಿರದ ಇಂಡೋನೇಷ್ಯಾಕ್ಕೆ ಹೆಚ್ಚು, ದೂರದ ಜಪಾನಿಗೆ ಕಡಿಮೆ ಹೇಗೆ ಎಂದು ಕೇಳಬಹುದು. ರೇಡಿಯೊ ಲೆಕ್ಕದಲ್ಲಿ ಇಂಡೋನೇಷ್ಯಾ, ಫಿಲಿಪೀನ್ಸ್ ಎರಡೂ ಓಷಿಯಾನಿಯಾ, ಜಪಾನ್ ಏಷ್ಯಾ. ಅದೇ ಇಂಡೋನೇಷ್ಯಾವನ್ನು 10 ಮೀಟರ್‌ನಲ್ಲಿ ಮೊದಲ ಸಲ ಹಿಡಿದಿದ್ದರೆ ಹೊಸ ದೇಶ, ಹೊಸ ವಲಯ ಎರಡೂ ಸೇರಿ 72ನ್ನು 36ರಿಂದ ಗುಣಿಸಬೇಕಿತ್ತು: 2,592. ಒಂದೇ ಸಂಪರ್ಕಕ್ಕೆ 246 ಏರಿಕೆ. 10 ಮೀಟರ್ ಖಾಲಿ ಬಿಟ್ಟದ್ದಕ್ಕೆ ನಾನು ಅಷ್ಟು ಬೇಜಾರು ಮಾಡಿಕೊಂಡದ್ದು ಇದಕ್ಕೇ.

ಈಗ ಕರೆಯುವ ಕಲೆಗೆ ಬರೋಣ. 50 ವ್ಯಾಟ್‌ನವರು ಮೊದಲ ದಿನ ಹುಡುಕಿ ಹಿಡಿಯಬೇಕು. ಬ್ಯಾಂಡ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನಕ್ಕೆ ಹೋಗುತ್ತಾ ಸಿಕ್ಕ ಪ್ರತಿಯೊಬ್ಬರ ಕಾಲ್‌ಸೈನ್ ಕೇಳಿ, ಬರೆದು, ಆಮೇಲೆ ಕರೆಯಿರಿ. ನೀವು ಕಳಿಸಿದ ಧ್ವನಿಮುದ್ರಣದಲ್ಲಿ ಹೀಗಿದೆ. ಆ ಕಡೆಯವರು ನಿಮ್ಮ ಕಾಲ್‌ಸೈನ್ ಹೇಳಿ "ಫೈವ್ ನೈನ್ ಒನ್ ಫೋರ್" (ಸಿಗ್ನಲ್ ರಿಪೋರ್ಟ್ 59, ವಲಯ 14) ಅನ್ನುತ್ತಾರೆ. ನೀವು: "ರೋಜರ್ ರೋಜರ್, ಥ್ಯಾಂಕ್ಯೂ ವೆರಿ ಮಚ್ ಸರ್, ಯು ಆರ್ ಆಲ್ಸೊ ಫೈವ್ ನೈನ್, ಮೈ ಝೋನ್ ಈಸ್ ಝೋನ್ ನಂಬರ್ ಟ್ವೆಂಟಿ ಟೂ, ಟೂ ಟೂ, ಕ್ಯುಎಸ್‌ಎಲ್?" ಕ್ಯುಎಸ್‌ಎಲ್ ಅಂದರೆ ಸಿಕ್ಕಿತೇ ಎಂದು. ನಾನು ಗಡಿಯಾರ ಹಿಡಿದು ನೋಡಿದೆ, 11 ಸೆಕೆಂಡ್. ಅಷ್ಟರಲ್ಲಿ ಅವರ ಫ್ರೀಕ್ವೆನ್ಸಿಯಲ್ಲಿ ಮತ್ತಿಬ್ಬರು ಕರೆದಾಗಿತ್ತು, ನಿಮ್ಮ ವಲಯ ಅವರ ಅಡಿಯಲ್ಲಿ ಮುಳುಗಿಹೋಯಿತು, ಅವರು ಮತ್ತೆ ಕೇಳಿದರು. ಅಲ್ಲಿ ಹೇಳಬೇಕಾದದ್ದು ಇಷ್ಟೇ: "ಫೈವ್ ನೈನ್ ಟೂ ಟೂ." ನಮ್ಮ ಕಡೆ ಚುಟುಕಾಗಿ ಮಾತಾಡಿದರೆ ಒರಟಾದೀತೇನೋ ಎಂಬ ಸಂಕೋಚ ಇರುತ್ತದೆ. ಕಾಂಟೆಸ್ಟ್‌ನಲ್ಲಿ ಇನ್ನೊಬ್ಬರ ಹೊತ್ತು ಉಳಿಸುವುದೇ ಮರ್ಯಾದೆ.

ಕರೆಯುವಾಗಲೂ ನಿಮ್ಮ ಕಾಲ್‌ಸೈನ್ ಒಂದೇ ಸಲ, ಪೂರ್ತಿಯಾಗಿ, ಫೊನೆಟಿಕ್ಸ್‌ನಲ್ಲಿ, ಅಂದರೆ ಒಂದೊಂದು ಅಕ್ಷರಕ್ಕೆ ಒಂದೊಂದು ಪದವಾಗಿ. ಅವರ ಕಾಲ್‌ಸೈನ್ ಹೇಳಬೇಡಿ, ಅದು ಅವರಿಗೆ ಗೊತ್ತು. "ಪ್ಲೀಸ್ ಕಾಪಿ" ಬೇಡ. "ವಿಕ್ಟರ್ ಯೂನಿಫಾರ್ಮ್ ತ್ರೀ" ಆದಮೇಲೆ ನಿಮ್ಮ ಮೂರು ಅಕ್ಷರ, ಎಲ್ಲವೂ ಒಂದೇ ನಡಿಗೆಯಲ್ಲಿ. ಕೊನೆಯ ಅಕ್ಷರವನ್ನು ನುಂಗುವ ಅಭ್ಯಾಸ ನಿಮಗಿದೆ, ಮುದ್ರಣದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಮೈಕ್ ಬಟನ್ ಬಿಡುವ ಮೊದಲು ಅರ್ಧ ಉಸಿರು ಕಾಯಿರಿ. ಒಂದು ಪದ ಅವರಿಗೆ ಹಿಡಿಯಲಿಲ್ಲ ಅಂದರೆ ಅದನ್ನೇ ಜೋರಾಗಿ ಕೂಗಬೇಡಿ, ಪದ ಬದಲಿಸಿ: ಯೂನಿಫಾರ್ಮ್ ಆಗಲಿಲ್ಲವೆಂದರೆ ಯುನೈಟೆಡ್, ಲಿಮಾ ಆಗಲಿಲ್ಲವೆಂದರೆ ಲಂಡನ್.

ಹತ್ತು ಜನ ಒಟ್ಟಿಗೆ ಕರೆಯುವ ಕಡೆ ನೀವೂ ಅದೇ ಕ್ಷಣಕ್ಕೆ ಕೂಗಿದರೆ ಕಿಲೋವ್ಯಾಟ್‌ನವರ ಅಡಿ ಹೋಗುತ್ತೀರಿ. ಮೊದಲು ಒಂದು ನಿಮಿಷ ಸುಮ್ಮನೆ ಕೇಳಿ. ಆ ಆಪರೇಟರ್ ಯಾರನ್ನು ಎತ್ತುತ್ತಿದ್ದಾನೆ? ಮೊದಲು ಕೂಗಿದವರನ್ನೋ, ಗಲಾಟೆ ಇಳಿಯುವಾಗ ಕೊನೆಯಲ್ಲಿ ಕೇಳಿಸಿದವರನ್ನೋ? ಬಹುಪಾಲು ಎರಡನೆಯದು. ಆ ಮೊದಲ ಅಲೆ ಬಿದ್ದು, ಅವನು ಇನ್ನೂ ಬಾಯಿ ತೆರೆಯದ ಅರ್ಧ ಸೆಕೆಂಡ್ ಒಂದಿರುತ್ತದೆ. ನಿಮ್ಮ ಕಾಲ್‌ಸೈನ್‌ನ ಕೊನೆಯ ಅಕ್ಷರಗಳು ಅಲ್ಲಿ ಬೀಳುವ ಹಾಗೆ ಹೊಂದಿಸಿ. ಮೂರು ಸಲ ಪ್ರಯತ್ನಿಸಿ ಆಗಲಿಲ್ಲವೇ, ಲಾಗಿಂಗ್ ಸಾಫ್ಟ್‌ವೇರ್‌ನ ಬ್ಯಾಂಡ್‌ಮ್ಯಾಪ್‌ನಲ್ಲಿ (ಯಾರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆಂಬ ಪಟ್ಟಿಯಲ್ಲಿ) ಗುರುತಿಟ್ಟು ಮುಂದಕ್ಕೆ ಹೋಗಿ, ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಬನ್ನಿ. ನಿಮ್ಮ ಲಾಗ್‌ನಲ್ಲಿ ಶನಿವಾರ ರಾತ್ರಿ ಒಬ್ಬನೇ ಆಫ್ರಿಕಾದ ಸ್ಟೇಷನ್‌ಗೆ 40 ನಿಮಿಷ ಕೊಟ್ಟಿದ್ದೀರಿ. ಆ 40 ನಿಮಿಷದಲ್ಲಿ ಹತ್ತು ಜನ ಸಿಗುತ್ತಿದ್ದರು.

ಭಾನುವಾರ ಮಧ್ಯಾಹ್ನವನ್ನು ಮಾತ್ರ ಇನ್ನೆಂದೂ ಬಿಡಬೇಡಿ. ದೊಡ್ಡ ಸ್ಟೇಷನ್‌ಗಳು ಶನಿವಾರ ಸಿಗುವವರನ್ನೆಲ್ಲ ಹಿಡಿದಿರುತ್ತವೆ. ಭಾನುವಾರ ಅವು ಸಿಕ್ಯೂ ಕರೆಯುತ್ತಲೇ ಇರುತ್ತವೆ, ಹೊಸಬರು ಬರುವುದಿಲ್ಲ. ಶನಿವಾರ ನಿಮ್ಮತ್ತ ತಿರುಗದ ಅದೇ ಆಪರೇಟರ್ ಭಾನುವಾರ ನಿಮ್ಮ ಸಣ್ಣ ಧ್ವನಿಗೆ ಕಿವಿಗೊಟ್ಟು "ವಿಯು ಸ್ಟೇಷನ್, ಅಗೇನ್ ಪ್ಲೀಸ್" ಎಂದು ಮೂರು ಸಲ ಕೇಳುತ್ತಾನೆ. ನನ್ನ ಕಡಿಮೆ ಪವರ್‌ನ ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯುರೋಪ್ ಬಂದದ್ದು ಭಾನುವಾರ.

ಸಿಕ್ಯೂ ಕರೆಯುವುದೂ ಆ ಹೊತ್ತಿಗೇ. 20 ಮೀಟರ್, ಅಂದರೆ 14 ಮೆಗಾಹರ್ಟ್ಸ್ ಬ್ಯಾಂಡ್‌ನ ನಡುವೆ ಕೂತು ಕರೆದರೆ ಯಾರಿಗೂ ಕೇಳುವುದಿಲ್ಲ, ಅಲ್ಲಿ ಕಾಲಿಡಲು ಜಾಗವಿಲ್ಲ. 15 ಮೀಟರ್‌ನಲ್ಲಿ 21.350ರಿಂದ ಮೇಲೆ, 10 ಮೀಟರ್‌ನಲ್ಲಿ 28.600 ದಾಟಿ ಹೋಗಿ. ನನ್ನ ಅನುಭವ ಒಂದನ್ನು ಹೇಳುತ್ತೇನೆ. ಒಂದು ಭಾನುವಾರ ಸಂಜೆ ನಾಲ್ಕೂ ಮುಕ್ಕಾಲು, 21.380ರ ಹತ್ತಿರ ಖಾಲಿ ಜಾಗ ಸಿಕ್ಕಿತು. ಬಳಕೆಯಲ್ಲಿದೆಯೇ ಎಂದು ಎರಡು ಸಲ ಕೇಳಿ ಸಿಕ್ಯೂ ಶುರುಮಾಡಿದೆ. ಮೂರು ಸೆಕೆಂಡ್ ಕರೆ, ಮೂರು ಸೆಕೆಂಡ್ ಮೌನ. ಹತ್ತು ನಿಮಿಷಕ್ಕೆ ಮೂರೇ ಉತ್ತರ. ನಾಲ್ಕನೆಯವರು ಇಟಲಿಯವರು, ಅವರು ಹೋದ ಅರ್ಧ ನಿಮಿಷಕ್ಕೆ ನಾನು ಬಟನ್ ಬಿಟ್ಟಾಗ ಕಿವಿಗೆ ಗೋಡೆಯೊಂದು ಬಂದು ಬಡಿಯಿತು. ಯಾರೋ ನನ್ನನ್ನು ಕ್ಲಸ್ಟರ್‌ನಲ್ಲಿ, ಅಂದರೆ ಯಾರು ಎಲ್ಲಿ ಕೇಳಿಸುತ್ತಿದ್ದಾರೆಂದು ಹ್ಯಾಮ್‌ಗಳು ಇಂಟರ್‌ನೆಟ್‌ನಲ್ಲಿ ಹಂಚಿಕೊಳ್ಳುವ ಪಟ್ಟಿಯಲ್ಲಿ, ಹಾಕಿದ್ದರು. ಸಂತೆಯಲ್ಲಿ ಎಲ್ಲ ಅಂಗಡಿಯವರೂ ಒಟ್ಟಿಗೆ ಕೂಗಿದ ಹಾಗೆ, ಒಂದು ಅಕ್ಷರವೂ ಬಿಡಿಯಾಗಿ ಕೇಳುವುದಿಲ್ಲ. ನಾನು ಗಾಬರಿಯಾಗಿ "ಅಗೇನ್, ಅಗೇನ್" ಅಂದೆ. ಗೋಡೆ ಇನ್ನೂ ದಪ್ಪವಾಯಿತು. ಮತ್ತೆ "ಅಗೇನ್". ಐದಾರು ನಿಮಿಷದಲ್ಲಿ ನಾಲ್ಕು ಜನರನ್ನು ಬರೆದುಕೊಂಡೆ, ಉಳಿದವರು ಬೇಸತ್ತು ಚದುರಿದರು. ಐವತ್ತು ಜನರನ್ನು ಹಾಗೆ ಕಳೆದುಕೊಂಡ ನೋವು ಇವತ್ತಿಗೂ ಇದೆ.

ಅವತ್ತು ಮಾಡಬೇಕಿದ್ದುದು ಇದು. ಆರ್‌ಎಫ್ ಗೇನ್ ಇಳಿಸಬೇಕಿತ್ತು, ಪ್ರಿಆಂಪ್ ಆರಿಸಬೇಕಿತ್ತು. ಎಲ್ಲ ಧ್ವನಿಯೂ ಒಂದೇ ಮಟ್ಟಕ್ಕೆ ಒತ್ತಿಕೊಂಡು ಬರುವುದು ಆಗ ನಿಲ್ಲುತ್ತದೆ, ದೊಡ್ಡದು ದೊಡ್ಡದಾಗಿ, ಸಣ್ಣದು ಸಣ್ಣದಾಗಿ ಬಿಡಿಬಿಡಿಯಾಗಿ ಕೇಳುತ್ತದೆ. ಆಮೇಲೆ ಪೂರ್ತಿ ಕಾಲ್‌ಸೈನ್‌ಗೆ ಕಾಯದೆ ಒಂದು ಚೂರು ಹಿಡಿಯಬೇಕಿತ್ತು. "ಲಿಮಾ ಫೋರ್" ಎಂಬಷ್ಟು ಕೇಳಿತೇ? ತಕ್ಷಣ "ಲಿಮಾ ಫೋರ್, ಫೈವ್ ನೈನ್ ಟೂ ಟೂ." ರಿಪೋರ್ಟ್ ಕೊಟ್ಟಾಯಿತು, ಅವರು ಪೂರ್ತಿ ಕಾಲ್‌ಸೈನ್ ಜೊತೆಗೆ ತಮ್ಮ ವಲಯ ಹೇಳುತ್ತಾರೆ. "ಥ್ಯಾಂಕ್ಯೂ" ಅಂದು ನಿಮ್ಮ ಕಾಲ್‌ಸೈನ್ ಹೇಳಿದರೆ ಮುಂದಿನವರಿಗೆ ಅದೇ ಕರೆ. ನಡುವೆ ಬೇರೆ ಯಾರಾದರೂ ಎಷ್ಟೇ ಜೋರಾಗಿ ನುಗ್ಗಿದರೂ ಲಿಮಾ ಫೋರ್ ಮುಗಿಯುವವರೆಗೆ ಅವರನ್ನು ಎತ್ತಬೇಡಿ. ನುಗ್ಗಿದವರಿಗೆ ಒಂದು ಸಲ ಫಲ ಸಿಕ್ಕಿತು ಅಂದರೆ ಮರುಕ್ಷಣ ಎಲ್ಲರೂ ನುಗ್ಗುತ್ತಾರೆ. ನೀವು ಹೇಳಿದವರನ್ನೇ ಮುಗಿಸುತ್ತೀರಿ ಎಂದು ಗೊತ್ತಾದರೆ ನಾಲ್ಕೈದು ಸಂಪರ್ಕದೊಳಗೆ ಆ ಗುಂಪು ತಾನಾಗಿ ಸಾಲಿಗೆ ಬರುತ್ತದೆ. ಆ ಬದಲಾವಣೆಯನ್ನು ಕಿವಿಯಲ್ಲಿ ಕೇಳುವುದಿದೆಯಲ್ಲ, ಕಾಂಟೆಸ್ಟ್‌ನಲ್ಲಿ ನನಗೆ ಅದಕ್ಕಿಂತ ದೊಡ್ಡ ಸಂತೋಷ ಇಲ್ಲ.

ಬರೆಯುವುದರಲ್ಲಿ ಆತುರ ಬೇಡ. ಈ ಕಾಂಟೆಸ್ಟ್‌ನಲ್ಲಿ ಲಾಗ್‌ಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತಾರೆ. ಕಾಲ್‌ಸೈನ್ ತಪ್ಪಾಗಿದ್ದರೆ ಅಥವಾ ಆ ಕಡೆಯವರ ಲಾಗ್‌ನಲ್ಲಿ ನೀವಿಲ್ಲದಿದ್ದರೆ ಆ ಸಂಪರ್ಕ ಹೋಗುವುದಲ್ಲದೆ ಅದರ ಎರಡರಷ್ಟು ಅಂಕ ದಂಡ. ನನ್ನ ಮೊದಲ ವರ್ಷ 210ರಲ್ಲಿ 14 ಹಾಗೆ ಹೋದವು, ಬಹುಪಾಲು ನಾಚಿಕೆಯಿಂದ ಮತ್ತೊಮ್ಮೆ ಕೇಳದೆ ಅಂದಾಜಿಗೆ ಬರೆದವು. ಕೇಳಿ. ಮತ್ತೊಮ್ಮೆ ಕೇಳುವುದಕ್ಕೆ ಹೋಗುವುದು ಐದು ಸೆಕೆಂಡ್. ಸಾಫ್ಟ್‌ವೇರ್ ತಾನೇ ತುಂಬಿಸಿಕೊಡುವ ವಲಯವನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಮೆರಿಕದಲ್ಲಿ ವಲಯ 3, 4, 5 ಇವೆ. ಕಾಲ್‌ಸೈನ್‌ನ ಅಂಕೆ ನೋಡಿ ಅದು ಊಹಿಸುತ್ತದೆ, ಆದರೆ ಮನುಷ್ಯ ಮನೆ ಬದಲಿಸಿದರೂ ಕಾಲ್‌ಸೈನ್ ಹಾಗೇ ಉಳಿದಿರಬಹುದು. ಕಿವಿಗೆ ಬಿದ್ದದ್ದನ್ನೇ ಬರೆಯಿರಿ. ಒಬ್ಬರೇ ಎರಡನೇ ಸಲ ಬಂದರೆ ವಾದ ಬೇಡ, ರಿಪೋರ್ಟ್ ಕೊಟ್ಟು ಕಳಿಸಿ, ಅದಕ್ಕೆ ದಂಡವಿಲ್ಲ. ನೀವು ಕಾಗದದಲ್ಲಿ ಬರೆಯುತ್ತಿದ್ದೀರಿ, ಈ ಸಲ ಎನ್1ಎಂಎಂ ಲಾಗರ್ ಪ್ಲಸ್ ಹಾಕಿಕೊಳ್ಳಿ. ಉಚಿತ, ಹಳೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ, ಕಳಿಸಬೇಕಾದ ಕ್ಯಾಬ್ರಿಲೊ ಫೈಲನ್ನೂ ಮಾಡಿಕೊಡುತ್ತದೆ. ಒಂದು ವಾರ ಮೊದಲೇ ಬೆರಳಿಗೆ ರೂಢಿ ಮಾಡಿಸಿ.

ಗದ್ದಲದ ಬಗ್ಗೆ ಬರೆದಿದ್ದೀರಿ, 20 ಮೀಟರ್‌ನಲ್ಲಿ ಎಸ್-7 ಎಂದು. ಅಷ್ಟು ಗದ್ದಲವಿದ್ದರೆ ಸಿಕ್ಯೂಗೆ ಬಂದ ಉತ್ತರಗಳೇ ನಿಮಗೆ ಕೇಳಿರಲಿಕ್ಕಿಲ್ಲ. ಕಾಂಟೆಸ್ಟ್‌ಗೆ ಹದಿನೈದು ದಿನ ಮೊದಲು ರಿಗ್ಗನ್ನು 12 ವೋಲ್ಟ್ ಬ್ಯಾಟರಿಗೆ ಜೋಡಿಸಿ ಮನೆಯ ಮೇನ್ ಸ್ವಿಚ್ ಇಳಿಸಿ. ಗದ್ದಲ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತಾ ಹೋಗಿ. ನನ್ನ ಮನೆಯಲ್ಲಿ ಸಿಕ್ಕದ್ದು ದೇವರಮನೆಯ ಎಲ್‌ಇಡಿ ಬಲ್ಬ್ ಮತ್ತು ಇನ್ವರ್ಟರ್. ನೀವೇ ಎಲೆಕ್ಟ್ರಿಕಲ್ ಅಂಗಡಿಯವರು, ಬಲ್ಬ್ ಬದಲಿಸುವುದು ನಿಮಗೆ ಹೇಳಬೇಕಿಲ್ಲ. ಕೆಲವು ವರ್ಷ ಈ ಕಾಂಟೆಸ್ಟ್ ದೀಪಾವಳಿಯ ಮಗ್ಗುಲಲ್ಲೇ ಬೀಳುತ್ತದೆ, ಅಕ್ಕಪಕ್ಕದವರ ಸೀರಿಯಲ್ ಲೈಟಿಗೆ ಮಾತ್ರ ನನ್ನ ಬಳಿ ಮದ್ದಿಲ್ಲ.

ಅಕ್ಟೋಬರ್ ಅಂದರೆ ಹಿಂಗಾರು. ಮಧ್ಯಾಹ್ನದ ಮೇಲೆ ಗುಡುಗು ಕೇಳಿದ ಕೂಡಲೇ ಕೇಬಲ್ ಕಿತ್ತು ಕಿಟಕಿಯ ಹೊರಗೆ ಬಿಡಿ, ಯುರೋಪ್ ಎಷ್ಟೇ ಚೆನ್ನಾಗಿ ತೆರೆದಿರಲಿ. "ಇನ್ನೊಂದೇ ಸಂಪರ್ಕ" ಎಂದು ಕೂತು ನನ್ನ ರಿಗ್‌ನ ರಿಸೀವರ್ ಒಮ್ಮೆ ಸುಟ್ಟಿದೆ. ಗಂಟೆ ಹೋದರೆ ಹೋಗಲಿ.

ವರ್ಗದ ವಿಷಯ ಬೇಗ ಹೇಳಿಬಿಡುತ್ತೇನೆ. 100 ವ್ಯಾಟ್‌ವರೆಗೆ ಲೋ ಪವರ್, ನೀವು ಅಲ್ಲಿ. ಕ್ಲಸ್ಟರ್ ನೋಡಿಕೊಂಡು ಕೂತರೆ ಅಸಿಸ್ಟೆಡ್ ವರ್ಗ, ಅದನ್ನು ಪ್ರಾಮಾಣಿಕವಾಗಿ ನಮೂದಿಸಿ. ನನ್ನನ್ನು ಕೇಳಿದರೆ ಮೊದಲ ಎರಡು ವರ್ಷ ಕ್ಲಸ್ಟರ್ ಬೇಡ, ಕಿವಿ ಬೆಳೆಯುವುದಿಲ್ಲ. ಲೈಸೆನ್ಸ್ ಸಿಕ್ಕಿ ಮೂರು ವರ್ಷದೊಳಗಿನವರಿಗೆ ರೂಕಿ ಎಂಬ ಪಟ್ಟಿ ಬೇರೆಯೇ ಇದೆ, ಈ ಸಲ ಅದಕ್ಕೆ ಸೇರಿಕೊಳ್ಳಿ, ಆ ಅವಕಾಶ ಮತ್ತೆ ಬರುವುದಿಲ್ಲ.

ಅಕ್ಟೋಬರ್‌ವರೆಗೆ ಕೈಕಟ್ಟಿ ಕೂರಬೇಡಿ. ಜುಲೈ ಎರಡನೇ ವಾರಾಂತ್ಯದಲ್ಲಿ ಐಎಆರ್‌ಯು ಎಚ್‌ಎಫ್ ಚಾಂಪಿಯನ್‌ಷಿಪ್ ಇದೆ, 24 ಗಂಟೆಯದು. ಅಲ್ಲಿ ಬೇರೆಯೇ ಲೆಕ್ಕದ ಐಟಿಯು ವಲಯ ಹೇಳಬೇಕು, ನಮ್ಮದು 41. ಅಭ್ಯಾಸದ ಬಲದಿಂದ 22 ಅಂದುಬಿಡಬೇಡಿ, ಎದುರಿಗೊಂದು ಚೀಟಿ ಅಂಟಿಸಿಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಜಪಾನಿನವರು ನಡೆಸುವ ಆಲ್ ಏಷಿಯನ್ ಫೋನ್ ಕಾಂಟೆಸ್ಟ್, ಅಲ್ಲಿ ರಿಪೋರ್ಟ್ ಜೊತೆ ವಯಸ್ಸು ಹೇಳುವ ಪದ್ಧತಿ. ಅದರಲ್ಲಿ ಏಷ್ಯಾದವರನ್ನು ಇಡೀ ಜಗತ್ತು ಹುಡುಕುವುದರಿಂದ ಪೈಲಪ್ (ಹಲವರು ಒಟ್ಟಿಗೆ ಕರೆಯುವ ಗುಂಪು) ನಿಭಾಯಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಕೊನೆಗೆ ಮೋರ್ಸ್ ಸಂಕೇತ. ಜನರಲ್ ಗ್ರೇಡ್‌ಗೆ ನಿಮಿಷಕ್ಕೆ 8 ಪದ ಹೇಗೂ ಕಲಿಯಲೇಬೇಕು. ಅಲ್ಲಿಗೇ ನಿಲ್ಲಿಸದೆ 20ಕ್ಕೆ ಒಯ್ಯಿರಿ. ಎಸ್‌ಎಸ್‌ಬಿ ಧ್ವನಿ 2.4 ಕಿಲೋಹರ್ಟ್ಸ್ ಅಗಲಕ್ಕೆ ಹರಡಿಕೊಂಡರೆ ಮೋರ್ಸ್ ನೂರಿನ್ನೂರು ಹರ್ಟ್ಸ್‌ನಲ್ಲಿ ಮುಗಿಯುತ್ತದೆ. ಅದೇ 50 ವ್ಯಾಟ್ ಅಲ್ಲಿ ಬೇರೆಯೇ ಸ್ಟೇಷನ್ ಆಗಿಬಿಡುತ್ತದೆ. ಮೋರ್ಸ್ ರನ್ನರ್ ಎಂಬ ಉಚಿತ ಸಾಫ್ಟ್‌ವೇರ್ ಕಂಪ್ಯೂಟರ್‌ನಲ್ಲೇ ಪೈಲಪ್ ಹುಟ್ಟಿಸಿಕೊಡುತ್ತದೆ. ದಿನಕ್ಕೆ 15 ನಿಮಿಷ, ಅಂಗಡಿ ಮುಚ್ಚಿ ಬಂದ ಮೇಲೆ, ಹೆಡ್‌ಫೋನ್ ಹಾಕಿಕೊಂಡು. ಆ ಕಿವಿ ಎಸ್‌ಎಸ್‌ಬಿಗೂ ಉಪಯೋಗಕ್ಕೆ ಬರುತ್ತದೆ.

ಕಾಂಟೆಸ್ಟ್ ಮುಗಿದ ಐದು ದಿನದೊಳಗೆ ಲಾಗ್ ಏರಿಸಬೇಕು. ನೀವು ಕಳೆದ ಸಲ "43ಕ್ಕೆ ಏನು ಕಳಿಸುವುದು" ಎಂದು ಬಿಟ್ಟಿದ್ದೀರಿ. ಆ 43 ಜನರಲ್ಲಿ ಕೆಲವರಿಗೆ ನೀವೇ ಆ ಬ್ಯಾಂಡ್‌ನ ಒಂದೇ ಒಂದು ವಲಯ 22 ಆಗಿದ್ದಿರಬಹುದು, ಅವರ ಲಾಗ್ ತಾಳೆ ನೋಡಲು ನಿಮ್ಮ ಲಾಗ್ ಬೇಕು. ಈ ಸಲ ಎಷ್ಟೇ ಆಗಲಿ, ಕಳಿಸಿ. ನನಗೂ ಒಂದು ಪ್ರತಿ ಇರಲಿ, ಜೊತೆಗೆ ಬಿದಿರಿನ ಮೇಲೆ ನಿಂತ ಆ ಹೊಸ ಡೈಪೋಲ್‌ನ ಫೋಟೊ. 73 (ಶುಭಾಶಯ).